ಏನ್ ಕೆಲ್ಸದ ಮ್ಯಾಲ ಬಂದೀರಿ?

ನಮ್ಮ ಕಡೆಯ ಹಳ್ಳಿಗಳಲ್ಲಿ ಕಾರು ನಿಲ್ಲಿಸಿ ಇಳಿದರೆ ಮೊದಲು ನೀರು ಬೇಕೇ ಎಂದು ಕೇಳುತ್ತಾರೆ. ಆಮೇಲೆ ಈ ಪ್ರಶ್ನೆ. ಗದರಿಕೆ ಏನೂ ಇರುವುದಿಲ್ಲ. ಕಟ್ಟೆಯ ಮೇಲೆ ಕೂತವರಲ್ಲಿ ಹಿರಿಯರೊಬ್ಬರು ರುಮಾಲಿನ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತ, ಮಳೆ ಬೆಳೆ ವಿಚಾರಿಸಿದಷ್ಟೇ ಸಹಜವಾಗಿ ಕೇಳುತ್ತಾರೆ. "ಸುಮ್ನ ನೋಡ್ಲಾಕ ಬಂದೀವ್ರಿ" ಅಂದರೆ ಹೌದೌದು ಎಂದು ತಲೆಯಾಡಿಸುತ್ತಾರೆ. ಆದರೆ ಕಣ್ಣು ನಮ್ಮ ಮೇಲಿಂದ ಸರಿಯುವುದಿಲ್ಲ. ಉಳಿದ ಮಾತು ಇನ್ನೇನು ಬಂದೀತು ಎಂದು ಕಾಯುತ್ತಾರೆ. ನೋಡಲು ಬಂದಿರಿ, ಸರಿ. ಏನನ್ನ? ಯಾರನ್ನ? ಯಾರ ಮನೆಗೆ?

ಬಾದಾಮಿಯಲ್ಲೋ ಹಂಪಿಯಲ್ಲೋ ಇದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕಾರು ಬಂತೆಂದರೆ ಗಿರಾಕಿ ಬಂದ ಹಾಗೆ. ಎಳನೀರಿನವನಿಂದ ಗೈಡಿನವರೆಗೆ ಎಲ್ಲರಿಗೂ ನಮ್ಮ ಕೆಲಸ ಏನೆಂದು ಮೊದಲೇ ಗೊತ್ತು. ನಮ್ಮಲ್ಲಿ ಕಾರಿನಲ್ಲಿ ಬರುವವರೇ ಬೇರೆ. ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದಾಗ ಬರುವ ಫೈನಾನ್ಸಿನ ಹುಡುಗರು, ಬೆಳೆ ಸಮೀಕ್ಷೆಯವರು, ಬೀಜದ ಕಂಪನಿಯವರು, ಈ ಸಲ ತೊಗರಿ ಎಕರೆಗೆ ಎಷ್ಟು ಚೀಲ ಬೀಳಬಹುದೆಂದು ಅಂದಾಜು ಹಾಕುವ ಅಡತಿ ಅಂಗಡಿಯವರು, ಚುನಾವಣೆ ಹತ್ತಿರ ಬಂದರೆ ಬಿಳಿ ಅಂಗಿಯವರು. ಇವರನ್ನು ಬಿಟ್ಟರೆ ಮದುವೆ ಕಾರ್ಡು ಕೊಡಲು ಬಂದ ಬೀಗರು. ಈ ಪಟ್ಟಿಯಲ್ಲಿ ನಮ್ಮನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಬೇಕು. ಕೇಳುವುದರಲ್ಲಿ ತಪ್ಪೇನಿದೆ?

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲೇ. ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳ ಅರ್ಧ ಊರುಗಳ ಹೆಸರು ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಕೇಳಿ ಬಾಯಿಪಾಠವಾಗಿವೆ. ಆದರೆ ಆ ಊರುಗಳಿಗೆ ಹೋದದ್ದೆಲ್ಲ ಕೆಲಸಕ್ಕೆ: ಮದುವೆಗೆ, ಮಣ್ಣಿಗೆ, ಜಾತ್ರೆಗೆ, ಜವಳಕ್ಕೆ. ಕೆಲಸ ಮುಗಿದ ಕೂಡಲೇ ಕೊನೆಯ ಬಸ್ಸಿಗೆ ವಾಪಸು. ಈ ಸಲ ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ರಜೆ ಹಾಕಿ, ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ತೆಗೆದುಕೊಂಡು, ಹೆಂಡತಿಯನ್ನೂ ಕರೆದುಕೊಂಡು ಒಳರಸ್ತೆಗಳಲ್ಲಿ ತಿರುಗಲು ಹೊರಟಾಗ ನಮ್ಮತ್ತೆಯ ಪ್ರಶ್ನೆಯೂ ಅದೇ ಆಗಿತ್ತು. "ಗಾಡಿ ತೊಗೊಂಡು ಹೊಂಟೀರಿ ಅಂದ್ರ ಏನರ ಕೆಲ್ಸ ಇರ್ಬೇಕಲ್ಲಪ್ಪ. ಸುಮ್ನ ಯಾರ್ ಹೋಗ್ತಾರ, ಬಿಸಲಾಗ?" ಡಿಸೆಂಬರಿನಲ್ಲೂ ಕಲಬುರಗಿಯವರಿಗೆ ಬಿಸಿಲಿನದೇ ಚಿಂತೆ.

ಸರ್ವೇದವರು

ಜೇವರ್ಗಿ ರಸ್ತೆ ಹಿಡಿದರೆ ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆ ಸಿಗುವ ಮೊದಲೇ ಫಿರೋಜಾಬಾದ್. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ಅರಮನೆ ನಗರ. ಒಂದು ಬದಿಗೆ ಹೊಳೆ, ಉಳಿದ ಮೂರು ಬದಿಗೆ ಕಲ್ಲಿನ ಗೋಡೆ, ಬಾಗಿಲುಗಳು, ಒಳಗೆ ಮಸೀದಿ, ಕುಸಿದ ಕಮಾನುಗಳು. ಕಲಬುರಗಿಯ ಕೋಟೆಯನ್ನು ನೋಡಿದವರು ಸಾವಿರಾರು, ಇಲ್ಲಿಗೆ ಬಂದವರು ಎಷ್ಟು ಮಂದಿಯೋ. ನಾನೇ ಈ ರಸ್ತೆಯಲ್ಲಿ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಇಳಿದಿರಲಿಲ್ಲ.

ಗೋಡೆಯ ಒಳಗೆ ಈಗ ಹೊಲಗಳು. ನಾವು ಹೋದಾಗ ಒಂದು ಕಡೆ ಹತ್ತಿ ಬಿಡಿಸುತ್ತಿದ್ದರು, ಇನ್ನೊಂದು ಕಡೆ ತೊಗರಿ ಒಣಗಿ ಗಿಲಗಿಲ ಅನ್ನುತ್ತಿತ್ತು. ಮೋಡಿಲ್ಲದ ಆಕಾಶ, ಎರೆ ಮಣ್ಣು, ದೂರದಲ್ಲಿ ಕರಿ ಗೋಡೆ. ಹೆಂಡತಿ ಜಾಲಿಮುಳ್ಳಿನಿಂದ ಸೀರೆ ಬಿಡಿಸಿಕೊಳ್ಳುತ್ತಿದ್ದಳು. ನಾನು ಫೋನಿನಲ್ಲಿ ನಕ್ಷೆ ತೆರೆದುಕೊಂಡು ಮಸೀದಿ ಯಾವ ದಿಕ್ಕಿಗಿದೆ ಎಂದು ಹುಡುಕುತ್ತ ಅತ್ತಿಂದಿತ್ತ ತಿರುಗುತ್ತಿದ್ದೆ. ಫೋನ್ ಹಿಡಿದು ಹೊಲದಲ್ಲಿ ಸುತ್ತುವವನು ನೋಡಿದವರಿಗೆ ಏನಾಗಿ ಕಾಣುತ್ತಾನೆ ಎಂಬುದು ಹೊಳೆದದ್ದು ಹೊಲದವನು ಎದುರು ಬಂದು ನಿಂತಾಗ.

"ಸರ್ವೇದವರೇನ್ರಿ?"

ಅಲ್ಲ ಅಂದೆ. ಅವರು ನಂಬಲಿಲ್ಲ. ನಂಬದಿರಲು ಕಾರಣವಿದೆ. ಸೂರತ್‌ನಿಂದ ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್‌ವೇ ಅಫಜಲಪುರ, ಜೇವರ್ಗಿ ಸೀಮೆಯನ್ನು ಹಾಯ್ದು ಯಾದಗಿರಿ ಕಡೆಗೆ ಹೋಗುವುದೆಂದು ಗೊತ್ತಾದಾಗಿನಿಂದ ಈ ಭಾಗದ ಯಾವ ಹೊಲದ ಬದುವಿನ ಮೇಲೆ ಅಪರಿಚಿತ ನಿಂತರೂ ಮಂದಿಗೆ ಮೊದಲು ನೆನಪಾಗುವುದು ರಸ್ತೆ. ಅವರು ರಸ್ತೆಗೆ ವಿರೋಧವಾಗಿ ಒಂದು ಮಾತೂ ಆಡಲಿಲ್ಲ. "ಬರ್ಲಿ ಬಿಡ್ರಿ, ನಮ್ದೇನ್ ತಕರಾರಿಲ್ಲ. ಆದ್ರ ಬರೂದಿದ್ರ ಮೊದ್ಲ ಹೇಳ್ರಿ. ಬೋರ್ ಹೊಡಸ್ಬೇಕಂತ ಮಾಡೀನಿ. ಹೊಡಸ್ಲೋ ಬ್ಯಾಡೋ?" ಅಂದರು. ಬೋರ್‌ವೆಲ್ ಕೊರೆಸುವ ಸಾಲ, ನೀರು ಬೀಳದಿದ್ದರೆ ಬಡ್ಡಿ, ಬಿದ್ದು ಜಮೀನು ಹೋದರೆ ಅದಕ್ಕೆ ಪರಿಹಾರ ಸಿಗುತ್ತದೋ ಇಲ್ಲವೋ. ಇಷ್ಟು ಲೆಕ್ಕ ಆ ಒಂದು ಪ್ರಶ್ನೆಯಲ್ಲಿತ್ತು. ನನ್ನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಗುಡಿ ಗುಂಡಾರ, ಕೋಟೆ ಕೊತ್ತಲ ನೋಡಲು ಬಂದಿದ್ದೇವೆ ಎಂದು ಮತ್ತೊಮ್ಮೆ ಹೇಳಿದೆ. "ಹಂಗss?" ಎಂದು ರಾಗ ಎಳೆದರು.

ಆಮೇಲೆ ಅವರೇ ಮುಂದಾಗಿ ಕೋಟೆ ತೋರಿಸಿದರು. ತೋರಿಸಿದ ರೀತಿ ಮಾತ್ರ ಸರ್ವೇದವರಿಗೆ ತೋರಿಸುವಂಥದ್ದು. ಇಲ್ಲಿಂದ ಆ ಬೇವಿನ ಗಿಡದ ತನಕ ನಮ್ಮದು, ಅದರಾಚೆ ನಮ್ಮ ಕಾಕಾನ ಮಕ್ಕಳದು, ಈ ಗೋಡೆಯೇ ನಮ್ಮ ಬಾಂದು. ಬಾಂದಗಲ್ಲು ಬೇರೆ ಹಾಕಿಸಿಲ್ಲ, ಇಷ್ಟು ದೊಡ್ಡ ಗೋಡೆ ಇರುವಾಗ ಯಾಕೆ? ಕಮಾನಿನ ಕೆಳಗೆ ನಿಂತು ಮೇಲೆ ನೋಡುತ್ತಿದ್ದ ನನಗೆ ಅವರು ಕಾಲ ಕೆಳಗಿನ ಮಣ್ಣು ತೋರಿಸಿ, ಇಲ್ಲಿ ಸುಣ್ಣದ ಗಚ್ಚು ಸಿಗುತ್ತದೆ, ಕುಂಟೆ ಹಿಡಿಯುವುದಿಲ್ಲ, ಈ ಜಾಗ ಬೀಳು ಬಿಟ್ಟಿದ್ದೇವೆ ಅಂದರು. ಸುಲ್ತಾನನ ಅರಮನೆಯ ನೆಲ ಅವರ ಲೆಕ್ಕದಲ್ಲಿ ಎಷ್ಟೋ ಗುಂಟೆ ನಷ್ಟ. ಹೊರಡುವಾಗ ಹಸಿ ತೊಗರಿಕಾಯಿ ಒಂದು ಬೊಗಸೆ ತುಂಬಿ ಕೊಟ್ಟು, "ಉಪ್ಪು ಹಾಕಿ ಕುದಿಸ್ರಿ ಅಕ್ಕಾರ" ಎಂದು ಹೆಂಡತಿಗೆ ಹೇಳಿದರು. ನನ್ನ ಕಡೆ ತಿರುಗಿ ಕೊನೆಯ ಸಲ, "ಏನರ ಬಂದ್ರ ಹೇಳ್ರಿ ಸರ" ಅಂದರು. ರಸ್ತೆಯ ಸುದ್ದಿ.

ಪುಸ್ತಕದಲ್ಲಿ ಓದಿದ್ದ ಫಿರೋಜಾಬಾದಿಗಿಂತ ಈ ಪಹಣಿಯ ಫಿರೋಜಾಬಾದ್ ನನಗೆ ಹೆಚ್ಚು ನೆನಪಿದೆ. ಪಾಳು ಬಿದ್ದಿದೆ ಎಂದು ಮರುಗುವವರು ಬಹಳ. ಅಲ್ಲಿ ನಿಂತು ನೋಡಿದರೆ ಪಾಳು ಬಿದ್ದದ್ದು ಅರಮನೆ ಮಾತ್ರ, ಊರಿನ ಜಾಗ ದುಡಿಯುತ್ತಲೇ ಇದೆ. ಗೋಡೆಗೆ ರಿಪೇರಿ ಬೇಡವೇ ಅಂದರೆ ಖಂಡಿತ ಬೇಕು. ಆದರೆ ನಾಳೆ ಬೇಲಿ ಹಾಕಿ, ಟಿಕೆಟ್ ಕೌಂಟರ್ ಇಟ್ಟು, ಹುಲ್ಲು ಹಾಸಿದರೆ ಆ ಬೇವಿನ ಗಿಡದ ತನಕದ ಹೊಲ ಏನಾಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಕಲ್ಲು ನೋಡಲಿಕ್ಕೆ ಪೆಟ್ರೋಲ್

ಜೇವರ್ಗಿ ದಾಟಿ ಶಹಾಪುರದ ಹಾದಿ ಹಿಡಿದೆವು. ಶಹಾಪುರದ ಗುಡ್ಡ ಒಂದು ಕೋನದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲ ಒಂದೇ ಗೆರೆಯಲ್ಲಿ. ಇದನ್ನು ಹೇಳಿಸಿಕೊಂಡು ನೋಡಬೇಕು, ಒಮ್ಮೆ ಕಂಡ ಮೇಲೆ ಮತ್ತೆ ಬರೀ ಗುಡ್ಡವಾಗಿ ನೋಡಲು ಆಗುವುದಿಲ್ಲ. ನನ್ನ ಹೆಂಡತಿಗೆ ಕೊನೆಗೂ ಕಾಣಲಿಲ್ಲ. ಅವಳ ಗಮನವೆಲ್ಲ ಶೌಚಾಲಯ ಎಲ್ಲಿದೆ ಎಂಬುದರ ಮೇಲಿತ್ತು. ಈ ಭಾಗದಲ್ಲಿ ಹೆಂಗಸರನ್ನು ಕರೆದುಕೊಂಡು ಕಾರಿನಲ್ಲಿ ತಿರುಗುವವರು ಬುದ್ಧನಿಗಿಂತ ಮೊದಲು ಪೆಟ್ರೋಲ್ ಬಂಕುಗಳನ್ನು ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲೂ ಕೀಲಿ ಹಾಕಿರುತ್ತಾರೆ, ಕೇಳಿದರೆ ತೆಗೆಯುತ್ತಾರೆ.

ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಗುಂಡುಗಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಒಂದೊಂದೂ ನಾಲ್ಕಾರು ಆಳು ಸೇರಿ ಉರುಳಿಸಬೇಕಾದಂಥವು. ನೇರ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ಬೃಹತ್ ಶಿಲಾಯುಗದ ಜನರ ಕೆಲಸ. ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಈ ಸೀಮೆಯ ಇಂಥ ಕಲ್ಲುಗಳನ್ನೂ ಗೋರಿಗಳನ್ನೂ ಅಗೆಸಿ, ಅಳೆಸಿ ಬರೆದಿಟ್ಟ. ಸತ್ತವರ ನೆನಪಿಗೋ, ಸೂರ್ಯನ ಲೆಕ್ಕಕ್ಕೋ ಎಂದು ತಿಳಿದವರು ಇವತ್ತಿಗೂ ವಾದಿಸುತ್ತಾರೆ.

ಒಂದು ಕಲ್ಲಿನ ಮೇಲೆ ಕುರಿ ಕಾಯುವ ಹುಡುಗ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. ಕಾರಿನ ನಂಬರ್ ಪ್ಲೇಟ್ ಕಡೆ ಕಣ್ಣು ಹಾಯಿಸಿದ. ಕೆಎ 32. "ಗುಲ್ಬರ್ಗಾದವ್ರು" ಎಂದು ತನಗೆ ತಾನೇ ಹೇಳಿಕೊಂಡ. ಹೆಸರು ಬದಲಾಗಿ ವರ್ಷಗಳೇ ಕಳೆದರೂ, ಅದು ಬದಲಾಗುವ ಹೊತ್ತಿಗೆ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರದ ಈ ಹುಡುಗನ ಬಾಯಲ್ಲೂ ಗುಲ್ಬರ್ಗಾನೇ. "ಏನ್ ಕೆಲ್ಸದ ಮ್ಯಾಲ ಬಂದೀರಿ?" ಕಲ್ಲು ನೋಡಲು ಅಂದೆ. ಅವನು ಎದ್ದು ನಿಂತು ತಾನು ಕೂತಿದ್ದ ಕಲ್ಲನ್ನೇ ಒಮ್ಮೆ ನೋಡಿದ. "ಕಲ್ ನೋಡ್ಲಾಕ ಪೆಟ್ರೋಲ್ ಹಾಕ್ಕೊಂಡ್ ಬಂದೀರೇನ್ರಿ!" ಯಾರು ಇಟ್ಟದ್ದಂತೆ ಎಂದು ಕೇಳಿದೆ. "ಯಾರ್ ಇಟ್ಟಾರೋ ಏನೋ. ಕುಂದ್ರಲಾಕ ಚಲೋ ಅದಾವ."

ಸುರಪುರದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಟೇಲರ್ 1841ರಲ್ಲಿ ಬಂದದ್ದು, ಹುಡುಗ ರಾಜ ವೆಂಕಟಪ್ಪ ನಾಯಕ, ಆ ರಾಜ 1858ರಲ್ಲಿ ಬ್ರಿಟಿಷರ ಎದುರು ತಿರುಗಿ ಬಿದ್ದು ತೀರಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕತೆ. ನನಗೆ ಕಂಡದ್ದು ಇಷ್ಟು: ಕೃಷ್ಣಾ ಕಾಲುವೆ ಮುಟ್ಟಿದ ಕಡೆ ಭೂಮಿಯ ಬಣ್ಣ ಬದಲಾಗುತ್ತದೆ, ಮಾತು ಬದಲಾಗುತ್ತದೆ. ನೆಲ್ಲು ಬರುತ್ತದೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಬರುತ್ತವೆ, ರಸ್ತೆ ಬದಿಗೆ ಬೋಂಡಾದ ಜೊತೆ ಇಡ್ಲಿ ಬರುತ್ತದೆ. ಅಲ್ಲಿ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ನೀರು ಇದ್ದ ಕಡೆ ಮಂದಿಗೆ ಪುರುಸೊತ್ತಿಲ್ಲ.

ಕನ್ಯಾ ನೋಡಲಿಕ್ಕೆ

ಯಾದಗಿರಿ ಮುಗಿಸಿ ಮತ್ತೆ ಭೀಮೆಯ ದಂಡೆಗೆ, ಸನ್ನತಿಗೆ ಬಂದೆವು. ಚಂದ್ರಲಾಂಬೆಯ ಗುಡಿಗೆ ಬಂದರೆ ಮಾತ್ರ ಉತ್ತರ ಸುಲಭ, ದೇವರಿಗೆ ಬಂದೀವಿ ಅಂದರಾಯಿತು. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿದಾಗ ಮೂರ್ತಿಯ ಕೆಳಗಿನ ಪೀಠದ ಕಲ್ಲು ಹೊರಬಿತ್ತು. ತಿರುಗಿಸಿ ನೋಡಿದರೆ ಅಶೋಕನ ಶಾಸನ. ಮೂರ್ತಿಯನ್ನು ನಿಲ್ಲಿಸಲು ಯಾರೋ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ, ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರು. ದೇಶದ ತುಂಬ ಅವನ ಮಾತು ಕೊರೆದ ಬಂಡೆಗಳಿವೆ. ಹೆಸರು ಬರೆದ ಅವನ ಚಿತ್ರ ಮಾತ್ರ ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿ ಮಣ್ಣಡಿ ಮಲಗಿತ್ತು. ಪೀಠಕ್ಕೆ ಹಾಕಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಓದಲು ಬಾರದ ಕಲ್ಲು ಒಳ್ಳೆಯ ಕಲ್ಲೇ ಅಲ್ಲವೇ. ಅವರು ಅದನ್ನು ಒಡೆದು ಜಲ್ಲಿ ಮಾಡಲಿಲ್ಲ, ದೇವಿಯ ಕೆಳಗಿಟ್ಟರು, ಹಾಗಾಗಿ ಉಳಿಯಿತು.

ಅಲ್ಲಿಂದ ಚಿತ್ತಾಪುರದ ಕಡೆಗೆ ಹೋಗುವ ಒಳರಸ್ತೆಯಲ್ಲಿ ಒಂದು ಚಾ ಅಂಗಡಿ. ಈ ಭಾಗದ ಊರುಗಳಲ್ಲಿ ಎಲ್ಲವೂ ಶಹಾಬಾದ್ ಕಲ್ಲು: ನೆಲಕ್ಕೆ ಪರಸಿ, ಗೋಡೆಗೆ ಪರಸಿ, ಮೇಲೆ ಮಾಳಿಗೆಗೆ ಪರಸಿ, ಹಿತ್ತಲಿಗೆ ಉದ್ದಕ್ಕೆ ನಿಲ್ಲಿಸಿದ ಪರಸಿಯ ಬೇಲಿ. ಅಂಗಡಿಯ ಬೆಂಚೂ ಅದೇ. ಮಿರ್ಚಿ, ಸುಸಲಾ ಹೇಳಿ ಕೂತೆವು. ಪಕ್ಕದಲ್ಲಿದ್ದ ಮುತ್ಯಾ ಎಂದಿನ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಸುಮ್ಮನೆ ಬಂದಿದ್ದೇವೆ ಎಂದು ಹೇಳಿ ಹೇಳಿ ಬೇಸತ್ತಿದ್ದ ನನ್ನ ಹೆಂಡತಿ, "ತಮ್ಮಗ ಕನ್ಯಾ ನೋಡ್ಲಾಕ ಹೊಂಟೀವ್ರಿ ಯಪ್ಪಾ" ಅಂದುಬಿಟ್ಟಳು. ಅವಳಿಗೆ ತಮ್ಮ ಇರುವುದು ನಿಜ, ಮದುವೆ ಆಗದಿರುವುದೂ ನಿಜ.

"ಯಾವೂರಿಗಿ?"

"ಹಿಂಗss ಕೇಳ್ಕೋತ ಹೊಂಟೀವಿ."

"ಹಂಗಾದ್ರ ಮನಿಗಿ ನಡೀರಿ. ಹಿಂತಾ ಮಾತು ಚಾದಂಗಡ್ಯಾಗ ಆಡ್ತಾರೇನು."

ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಒಂದು ಗೋಡೆಯ ಉದ್ದಕ್ಕೂ ತೊಗರಿ ಚೀಲಗಳು, ಇನ್ನೊಂದು ಮೂಲೆಯಲ್ಲಿ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಒಯ್ದು ತಂದ ಬುಟ್ಟಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಇನ್ನೂ ಉಳಿದಿತ್ತು. ಬೇಡವೆಂದರೂ ತಾಟು ಬಂತು. ಅವಾಗ ನಿಧಾನಕ್ಕೆ ವಿಚಾರಣೆ ಶುರುವಾಯಿತು. ಮೂಲ ಊರು ಯಾವುದು, ಅಡ್ಡಹೆಸರು ಏನು, ಮನೆದೇವರು ಯಾರು, ಸೋದರಮಾವನ ಊರು ಯಾವುದು. ನಾಲ್ಕು ಪ್ರಶ್ನೆಗಳಲ್ಲಿ ತಿಳಿಯಬೇಕಾದದ್ದನ್ನೆಲ್ಲ ತಿಳಿದುಕೊಂಡರು, ಕೇಳಬಾರದ್ದನ್ನು ಒಂದೂ ಕೇಳಲಿಲ್ಲ. ಹುಡುಗ ಎಲ್ಲಿದ್ದಾನೆ? ಪುಣೆಯಲ್ಲಿ. "ನೌಕರೀನಾ?" ಹೌದು. ಮುತ್ಯಾ ಮತ್ತು ಮನೆಯಾಕೆ ಪರಸ್ಪರ ನೋಡಿಕೊಂಡರು. "ಹಂಗಾದ್ರ ನಿಮಗೇನ್ ಕಷ್ಟ ಇಲ್ಲ ಬಿಡವ್ವಾ."

ಸ್ವಲ್ಪ ಹೊತ್ತಿನ ಮೇಲೆ ಆ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನನ್ನ ಹೆಂಡತಿಯ ಹತ್ತಿರ ಸರಿದು ಕೂತರು. "ನಮ್ಮ ಹುಡುಗಗೂ ನೋಡ್ಲತ್ತೀವಿ. ಬಿಎ ಮಾಡ್ಯಾನ. ಎಂಟೆಕರೆ ಹೊಲ ಅದ, ಸಾಲ ಇಲ್ಲ. ಕುಡಿಯೂದು ತಿನ್ನೂದು ಏನಿಲ್ಲ. ಹೊಲ ಮಾಡ್ತಾನ ಅಂದ ಕೂಡ್ಲೆ ಯಾರೂ ಕನ್ಯಾ ಕೊಡವಲ್ರು. ಪ್ಯೂನ್ ಇದ್ರೂ ನಡೀತದ, ಹೊಲ ಬ್ಯಾಡ ಅಂತಾರ. ನಿಮ್ಮ ಕಡಿ ಯಾರರ ಇದ್ರ ಹೇಳವ್ವಾ." ನನ್ನ ಹೆಂಡತಿ ತಾಟಿನಲ್ಲಿದ್ದ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

ಅಷ್ಟರಲ್ಲಿ ಹುಡುಗನೇ ಬಂದ. ರಾಶಿ ಮಷಿನ್ ಬಂದಿತ್ತಂತೆ, ತಲೆ ಮೀಸೆ ಎಲ್ಲ ತೊಗರಿ ಹೊಟ್ಟು. ಒಳಗಿನ ಮಾತು ಏನು ನಡೆದಿದೆ ಎಂದು ಹೊಸ್ತಿಲಲ್ಲೇ ಅವನಿಗೆ ತಿಳಿಯಿತು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಒಳಗೆ ಬರದೆ ಹೊರಗೆ ನಮ್ಮ ಕಾರಿನ ಹತ್ತಿರ ನಿಂತ. ನಾನೂ ಎದ್ದು ಹೋದೆ. ಮೈಲೇಜ್ ಎಷ್ಟು ಕೊಡುತ್ತದೆ, ಯಾವ ಮಾಡೆಲ್ ಎಂದು ವಿಚಾರಿಸಿದ. ಆಮೇಲೆ, "ಅವ್ವ ಬಂದವ್ರಿಗೆಲ್ಲ ಹಿಂಗೇ ಹೇಳ್ತಾಳ್ರಿ ಸರ, ಮನಸಿಗಿ ಹಚ್ಕೋಬ್ಯಾಡ್ರಿ" ಅಂದ. ಅವನೂ ಪುಣೆಯಲ್ಲಿದ್ದವನೇ. ಒಂದು ಕಂಪನಿಯಲ್ಲಿ ಹೆಲ್ಪರ್, ತಗಡಿನ ಖೋಲಿಯಲ್ಲಿ ಐದು ಜನ. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ವಾಪಸು ಬಂದ. "ಅಲ್ಲಿದ್ದಾಗ ಎಲ್ಡ್ ಸಂಬಂಧ ಬಂದಿದ್ವು. ಇಲ್ಲಿ ಬಂದ ಮ್ಯಾಲ ಒಂದೂ ಇಲ್ಲ." ನಗುತ್ತಲೇ ಹೇಳಿದ.

2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿದ ವರ್ಷದ ಮಾತೂ ಬಂತು. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆಯಲ್ಲ, ಅದರಿಂದ ಏನಾದರೂ ಲಾಭವಾಯಿತೇ ಎಂದು ಕೇಳಿದೆ. ಚೀಲದ ಮೇಲೆ ಆ ಮುದ್ರೆ ಬೀಳುವ ಹೊತ್ತಿಗೆ ತೊಗರಿ ನಮ್ಮ ಕೈ ಬಿಟ್ಟು ಬಹಳ ದಿನ ಆಗಿರುತ್ತದೆ ಸರ ಅಂದ. ಈ ಹುಡುಗನ ಬೇಳೆ ಬೆಂಗಳೂರಿನಲ್ಲಿ ಸಾರಾಗುತ್ತದೆ, ಅವನ ಊರಿನ ಕಲ್ಲು ಪುಣೆ, ಹೈದರಾಬಾದಿನ ಮನೆಗಳಲ್ಲಿ ನೆಲವಾಗಿದೆ, ಸೇಡಂ–ಮಳಖೇಡದ ಸುಣ್ಣದಕಲ್ಲು ಸಿಮೆಂಟಾಗಿ ಹೋಗುತ್ತಿದೆ. ಹೊರಗೆ ಹೋದದ್ದಕ್ಕೆಲ್ಲ ಬೆಲೆ ಇದೆ, ಹುಡುಗರಿಗೂ ಸೇರಿ.

ರಸ್ತೆಯ ಮೇಲಿನ ರಾಶಿ

ಶಾಂತವಾದ ಊರುಗಳು, ಖಾಲಿ ರಸ್ತೆ, ಹಾರ್ನ್ ಇಲ್ಲದ ಮಧ್ಯಾಹ್ನ. ನಮಗೆ ಇಷ್ಟವಾಗಿದ್ದೂ ಅದೇ. ಆ ಮನೆಯಿಂದ ಹೊರಟ ಮೇಲೆ ಆ ಶಾಂತಿಯನ್ನು ಹೊಗಳಲು ನಾಲಿಗೆ ಏಳಲಿಲ್ಲ. ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇದೆ. ಹನ್ನೊಂದನೆಯ ಶತಮಾನದಲ್ಲಿ ಅದು ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಕೇಂದ್ರ. ಓದುವವರಿಗೆ ಊಟ, ಕಲಿಸುವವರಿಗೆ ಭೂಮಿ, ಪುಸ್ತಕ ನೋಡಿಕೊಳ್ಳಲು ಸರಸ್ವತಿ ಭಂಡಾರಿಗರು ಎಂದು ಶಾಸನವೇ ಹೇಳುತ್ತದೆ. ಓದಲು ಈ ಕಡೆ ಬರುತ್ತಿದ್ದ ಕಾಲ. ನಾವು ಹೋದಾಗ ಇಬ್ಬರು ಹುಡುಗರು ಕಂಬಕ್ಕೆ ಒರಗಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡ್ ಓದುತ್ತಿದ್ದರು. ಓದಿ ಪಾಸಾದರೆ ಅವರೂ ಇಲ್ಲಿರುವುದಿಲ್ಲ. ಮಳಖೇಡದ ಕಾಗಿಣಾ ದಂಡೆಯಲ್ಲಿ ರಾಷ್ಟ್ರಕೂಟರ ಕೋಟೆ ಹತ್ತಿದಾಗ ಕಂಡದ್ದೂ ಫ್ಯಾಕ್ಟರಿ ಚಿಮಣಿಗಳು, ಜೋಳದ ಗರಿಯ ಮೇಲೆ ಬಿಳಿ ಧೂಳು. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಸಾಲಿಗೆ ಸಾಲೇ ಮನೆಗಳಿಗೆ ಕೀಲಿ. ಒಂದು ಬಾಗಿಲಿನ ಮುಂದೆ ಅಜ್ಜಿಯೊಬ್ಬಳು ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎಲ್ಲ ಎಲ್ಲಿ ಹೋದರು ಅಂದರೆ, "ಬಂಬಯಿ" ಅಂದಳು, ಪಕ್ಕದ ಓಣಿಯನ್ನು ತೋರಿಸಿದಷ್ಟು ಹತ್ತಿರದ ದನಿಯಲ್ಲಿ.

ಹಾಗೆಂದು ಎಲ್ಲ ಕಡೆ ಇದೇ ಹಾಡು ಅಂದರೆ ಸುಳ್ಳಾಗುತ್ತದೆ. ಚಿಂಚೋಳಿ ದಾಟಿ ಹುಮನಾಬಾದ್ ಕಡೆ ಬರುವಾಗ ಒಂದು ತಿರುವಿನಲ್ಲಿ ರಸ್ತೆಯ ಅಗಲಕ್ಕೂ ಹುರುಳಿ ಹರವಿದ್ದರು. ನಾನು ಬ್ರೇಕ್ ಹಾಕಿ, ಬದಿಗೆ ಜಾಗ ಇದೆಯೇ ಎಂದು ನೋಡುತ್ತಿದ್ದೆ. ಕೈಯಲ್ಲಿ ಕವಲುಕೋಲು ಹಿಡಿದ ಹೆಂಗಸೊಬ್ಬಳು ಓಡಿ ಬಂದು, "ಯಾಕ್ ನಿಂತೀರಿ! ಹೊಡೀರಿ, ಮ್ಯಾಲಿಂದ್ಲೇ ಹೊಡೀರಿ!" ಎಂದು ಕೂಗಿದಳು. ಹೊಡೆದೆ. ಚಕ್ರದ ಕೆಳಗೆ ಒಣ ಕಾಯಿ ಚಟಚಟ ಸಿಡಿದವು. ದಾಟಿ ಹೋಗುವಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗು. "ಹಿಂದಕ್ ಬರ್ರಿ, ಈ ಕಡಿ ತುಳಿದಿಲ್ಲ!" ರಿವರ್ಸ್ ಬಂದೆ. "ಮತ್ತೊಮ್ಮಿ!" ಮತ್ತೆ ಹೋದೆ. ಅವಳು ಕೋಲಿನಿಂದ ಹುರುಳಿ ಕಟ್ಟಿಗೆ ತಿರುವಿ ಹಾಕುತ್ತ, ಎಡಕ್ಕೆ ಹಿಡಿ, ಬಲಕ್ಕೆ ಒತ್ತು ಎಂದು ಹೇಳುತ್ತಿದ್ದಳು. ನಾನು ಸ್ಟೇರಿಂಗ್ ತಿರುಗಿಸುತ್ತಿದ್ದೆ. ಹಿಂದೆ ಬಂದ ಬಸ್ಸೂ ತುಳಿದು ಹೋಯಿತು. ಯಾವ ಊರು, ಏನು ಕೆಲಸ ಎಂದು ಅವಳು ಕೇಳಲೇ ಇಲ್ಲ. ನನ್ನ ಹೆಂಡತಿ ಇಳಿದು ಬದಿಯಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದಳು.

ಮುಂದೆ ಅರ್ಧ ಮೈಲು ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದೆ. ಹುರುಳಿ ಬಳ್ಳಿ ಆಕ್ಸೆಲ್‌ಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿ ಕಾರುಗಳು ಸುಟ್ಟ ಸುದ್ದಿ ಪ್ರತಿವರ್ಷ ಪೇಪರಿನಲ್ಲಿ ಬರುತ್ತದೆ. ಪೊಲೀಸರು ರಸ್ತೆ ಮೇಲೆ ಒಕ್ಕಣೆ ಬೇಡ ಎಂದು ಹೇಳುತ್ತಲೇ ಇರುತ್ತಾರೆ. ಅಪಾಯ ನಿಜ. ಕಣ ಮಾಡಲು ಜಾಗ, ಮಷಿನ್ ಬಾಡಿಗೆಗೆ ದುಡ್ಡು ಇಲ್ಲದವರಿಗೆ ಹೋಗಿ ಬರುವ ಗಾಡಿಗಳೇ ಎತ್ತು. ನಮ್ಮ ಗಾಡಿಯ ಅಡಿಯಲ್ಲೂ ಒಂದು ಹಿಡಿ ಬಳ್ಳಿ ಸಿಕ್ಕಿತ್ತು, ಕಿತ್ತು ಹಾಕಿದೆ. ಸುಗ್ಗಿಯಲ್ಲಿ ಈ ಕಡೆ ಬರುವವರು ಇದನ್ನು ಮರೆಯಬೇಡಿ.

ಜಲಸಂಗಿಯಲ್ಲಿ ಗುಡಿಯ ಹೊರಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಸುಂದರಿಯನ್ನು ನೋಡಿದೆವು. ಆರನೆಯ ವಿಕ್ರಮಾದಿತ್ಯನನ್ನು ಹೊಗಳಿ ಅವಳು ಬರೆದ ಅಕ್ಷರ ಇನ್ನೂ ಕಲ್ಲಿನಲ್ಲಿದೆ. ಸೊಂಟ ತಿರುಗಿಸಿ, ಬೆನ್ನು ನಮ್ಮ ಕಡೆ ಮಾಡಿ, ಬಂದವರ ಗೊಡವೆಯೇ ಇಲ್ಲದೆ ಬರೆಯುತ್ತಾಳೆ. ಇವಳೊಬ್ಬಳಿಗಾಗಿ ಬೆಂಗಳೂರಿನಿಂದ ಬಂದರೂ ಪೆಟ್ರೋಲು ದಂಡವಲ್ಲ. ಬೀದರ್ ಉಳಿಯಿತು. ಕೋಟೆ, ಗವಾನನ ಮದರಸಾ ಎಲ್ಲ ಶಾಲೆಯ ಟ್ರಿಪ್ಪಿನಲ್ಲಿ ನೋಡಿದವೇ, ನೌಬಾದಿನ ಸುರಂಗ ಬಾವಿ ಮಾತ್ರ ಮುಂದಿನ ಸಲಕ್ಕೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಆ ಎಂಟೆಕರೆಯ ಹುಡುಗನ ಫೋಟೋ, ಬಯೋಡೇಟಾ ತರಿಸಿಕೊಂಡಿದ್ದಾಳೆ. ಸುಳ್ಳು ಹೇಳಿ ಉಂಡ ರೊಟ್ಟಿ ಅರಗಬೇಕಲ್ಲ ಅನ್ನುತ್ತಾಳೆ. ಆಳಂದದ ಕಡೆಯ ತನ್ನ ಚಿಗವ್ವನಿಗೆ, ಕಚೇರಿಯ ಗೆಳತಿಯರಿಗೆ, ಕಮಲಾಪುರದ ಒಬ್ಬ ಪರಿಚಯದ ಮೇಷ್ಟ್ರಿಗೆ ಫೋನ್ ಮಾಡಿಯಾಯಿತು. ಹೊಲ ಅಂದ ಕೂಡಲೇ ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ಮಾತು ಬದಲಿಸಿದರು. ಚಿಗವ್ವ ಮಾತ್ರ ಬಾಯಿ ಬಿಟ್ಟು ಹೇಳಿದಳು, "ಹುಡುಗ ಛಂದ ಅದಾನ. ಕಲಬುರಗ್ಯಾಗ ಅಂಗಡಿ ಗಿಂಗಡಿ ಹಾಕ್ತಾನೇನು ಕೇಳು, ನಾ ಮಾತಾಡ್ತೀನಿ." ಕೇಳುವುದೋ ಬಿಡುವುದೋ ಎಂದು ಹೆಂಡತಿ ಇನ್ನೂ ಯೋಚಿಸುತ್ತಿದ್ದಾಳೆ. ಅವನು ಅಂಗಡಿ ಹಾಕಿದರೆ ಹೊಲ ಯಾರು ನೋಡುತ್ತಾರೆ ಎಂದು ಮುತ್ಯಾ ಕೇಳುತ್ತಾರೆ, ಅದಕ್ಕೆ ನಾವೇನು ಹೇಳುವುದು? ತೊಗರಿ ರಾಶಿ ಮುಗಿಯಲಿ, ಆಮೇಲೆ ಫೋನ್ ಮಾಡು ಅಂದಿದ್ದೇನೆ.